ಹದಿನೇಳನೇ ನಮೂನೆ

ಕಾರ್ಖಾನೆಯ ಕಚೇರಿ
ಫೆಬ್ರವರಿ 4

ಪ್ರೀತಿಯ ಇರುವೆಗೆ,

ನಿನ್ನ ಅಣ್ಣ ದೊಡ್ಡ ಮನುಷ್ಯನಾಗಿದ್ದಾನೆ, ಎದ್ದು ನಿಂತು ಓದು. ಹೋದ ವಾರ ವರ್ತಕರ ಸಂಘದವರು ಕಚೇರಿಗೆ ಬಂದು ಎರಡು ಗಂಟೆ ಕೂತರು. "ನಿಮ್ಮಂಥವರು ಬಾಯಿ ಬಿಟ್ಟು ಹೇಳದೇ ಹೋದ್ರೆ ಮುಂದಿನವರು ಕಲಿಯೋದು ಹೇಗೆ ಸ್ವಾಮಿ?" ಎಂದರು. ಹಿತ್ತಲಿನಲ್ಲಿ ಒಂದು ಕಡಾಯಿ ಇಟ್ಟುಕೊಂಡು ಶುರು ಮಾಡಿದವನು ಮುನ್ನೂರು ಜನರ ಸೋಪಿನ ಕಾರ್ಖಾನೆ ಕಟ್ಟಬೇಕಾದರೆ ಅವನಿಗೆ ಯಾವ ಯಾವ ಅಭ್ಯಾಸಗಳಿದ್ದವು ಎಂದು ನಾನೊಂದು ಪುಸ್ತಕ ಬರೆಯಬೇಕಂತೆ, ಅವರು ಅಚ್ಚು ಹಾಕಿಸುತ್ತಾರಂತೆ. ಒಪ್ಪಿಕೊಂಡೆ. ನನ್ನ ಬರವಣಿಗೆ ನಿನಗೆ ಗೊತ್ತೇ ಇದೆ, ಡಬ್ಬಿಯ ಮೇಲಿನ ಸೂಚನೆಯ ಹಾಗಿರುತ್ತದೆ. ಬರೆದದ್ದನ್ನೆಲ್ಲ ನಿನಗೆ ಕಳಿಸುತ್ತೇನೆ, ತಿದ್ದಿ ನಯ ಮಾಡು.

ಮೊದಲನೆಯದು ಹೀಗಿದೆ: 'ಕಾರ್ಖಾನೆಯ ಗಂಟೆ ಹೊಡೆಯುವುದಕ್ಕೆ ಒಂದು ತಾಸು ಮುಂಚೆ ನಾನು ಬಂದಿರುತ್ತೇನೆ. ಹಿಂದಿನ ದಿನದ ಪ್ರತಿ ಕಡಾಯಿಯಿಂದ ಒಂದು ಬಿಲ್ಲೆ ತೆಗೆದು ನಾನೇ ಮೂಸುತ್ತೇನೆ. ನನ್ನ ಮೂಗು ಒಪ್ಪದ ಸರಕು ಬಾಗಿಲು ದಾಟುವುದಿಲ್ಲ.' ನಗಬೇಡ. ಒಂಬತ್ತನೇ ವಯಸ್ಸಿನಲ್ಲಿ ಅಪ್ಪನ ಕಡಾಯಿಯ ಕಾಸ್ಟಿಕ್ ಹೊಗೆ ನನ್ನ ಮೂಗನ್ನು ಸುಟ್ಟಿತು, ಅಂದಿನಿಂದ ನನಗೆ ಗುಲಾಬಿಯೂ ಒಂದೇ ಮೋರಿಯೂ ಒಂದೇ ಎಂಬುದು ನಮ್ಮಿಬ್ಬರನ್ನು ಮತ್ತು ಅಮ್ಮನನ್ನು ಬಿಟ್ಟರೆ ಹೊರಗಿನ ಒಂದು ನರಪಿಳ್ಳೆಗೂ ಗೊತ್ತಿಲ್ಲ. ನೋಡಲು ಬಂದವರೆದುರು ಬಿಲ್ಲೆಯನ್ನು ಮೂಗಿಗೆ ಹಿಡಿದು, ಕಣ್ಣು ಮುಚ್ಚಿ, ಮನಸ್ಸಿನಲ್ಲೇ ಐದರವರೆಗೆ ಎಣಿಸುತ್ತೇನೆ. ಅವರು ಉಸಿರು ಬಿಗಿ ಹಿಡಿದು ನಿಂತಿರುತ್ತಾರೆ.

ಈಗ ಕೆಲಸದ ಮಾತು. ಹೂವಿನ ಸೋಪು ಎಲ್ಲರೂ ಮಾಡುತ್ತಾರೆ. ನಾನು ತಾಯಿಯ ಮೈವಾಸನೆಯ ಸೋಪು ಮಾಡುತ್ತೇನೆ. ಇದು ನಿನ್ನಿಂದಲೇ ಹೊಳೆದದ್ದು. ಅಕ್ಷರ ಬಾರದ ಅಮ್ಮ ಹನ್ನೊಂದು ವರ್ಷದಿಂದ, ನನ್ನ ಪ್ರತಿ ಪತ್ರದ ಜೊತೆ, ಆ ವಾರ ತಾನು ತೊಟ್ಟ ಬಟ್ಟೆಯಿಂದ ಬೆಂಕಿಪೊಟ್ಟಣದಷ್ಟು ಚೂರು ಕತ್ತರಿಸಿ, ಮೇಣದ ಕಾಗದದಲ್ಲಿ ಸುತ್ತಿ, "ಇದು ನನ್ ಸಹಿ, ಹಾಕು" ಎಂದು ಕೊಡುತ್ತಾಳೆ. ಅದನ್ನು ಮೂಸಿ ನೀನು ಅವಳ ವಾರವನ್ನೆಲ್ಲ ಓದುತ್ತೀಯ. ಒಂದು ಚೂರು ಬಟ್ಟೆ ನಿನ್ನಂಥ ಮೊಂಡಿಯನ್ನೇ ಅಳಿಸುವುದಾದರೆ ಗಿರಾಕಿಗಳನ್ನು ಬಿಟ್ಟೀತೇ? ಮೊದಲ ಐದು ನಮೂನೆಗಳನ್ನು ಇಲ್ಲಿನವರೇ ಬೆರೆಸಿದ್ದಾರೆ, ಅವುಗಳಲ್ಲಿ ಅದ್ದಿದ ಕಾಗದದ ಪಟ್ಟಿಗಳನ್ನು ಇಟ್ಟಿದ್ದೇನೆ. ಮೂಸಿ ನೋಡಿ, ಎಂದಿನಂತೆ ಒಂದೇ ಮಾತಿನಲ್ಲಿ ಬರೆ, ಆಗುತ್ತೋ ಆಗಲ್ವೋ.

ಅಮ್ಮ ಚೆನ್ನಾಗಿದ್ದಾಳೆ. ಸ್ವಲ್ಪ ಕೆಮ್ಮು. ಈ ಸೋಪಿಗೆ ನೀನು 'ಆಗುತ್ತೆ' ಎಂದ ದಿನ ನಾನೇ ಕಾರು ತಂದು ನಿನ್ನನ್ನು ಅವಳ ಹತ್ತಿರ ಕರೆದೊಯ್ಯುತ್ತೇನೆ. ನೀನು ಅವಳನ್ನು ನೋಡಿ ಮೂರು ವರ್ಷವಾಯಿತೆಂಬುದು ನನಗೂ ನೆನಪಿದೆ.

ನಿನ್ನ ಅಣ್ಣ


ಬೆಟ್ಟದ ಮನೆ
ಫೆಬ್ರವರಿ 13

ಅಣ್ಣಾ,

ಎದ್ದು ನಿಂತೇ ಓದಿದೆ. ಬಿದ್ದು ಬಿದ್ದು ನಕ್ಕಿದ್ದರಿಂದ ಮತ್ತೆ ಕೂರಬೇಕಾಯಿತು. 'ನನ್ನ ಮೂಗು ಒಪ್ಪದ ಸರಕು.' ಆಹಾ! ನಿನ್ನ ಮೂಗು ಇಲ್ಲಿ ಬೆಟ್ಟದ ಮೇಲೆ ಒಂಟಿಯಾಗಿ ಕೂತು ಸಪ್ಪೆ ತರಕಾರಿ ತಿನ್ನುತ್ತಿದೆ. ಎಣ್ಣೆ ಕಾಯಿಸುವಂತಿಲ್ಲ, ಪೌಡರ್ ಹಚ್ಚುವಂತಿಲ್ಲ, ಪೇಟೆಯ ಹೊಗೆಗೆ ಇಳಿಯುವಂತಿಲ್ಲ. ನನ್ನನ್ನು ಕೇಳಿಕೊಂಡು ಬಂದ ಗಡಿಯಾರ ರಿಪೇರಿಯವನನ್ನು "ಸಿಗರೇಟು ಸೇದ್ತಾನೆ, ಮೂಗು ಹಾಳಾಗುತ್ತೆ" ಎಂದು ಓಡಿಸಿದವನು ನೀನು. ಇದನ್ನೂ ಪುಸ್ತಕಕ್ಕೆ ಸೇರಿಸು. ನಿನ್ನ ವಾಕ್ಯಗಳನ್ನು ತಿದ್ದಿದ್ದೇನೆ, ಸುಳ್ಳು ಈಗ ಓದಲು ಚೆನ್ನಾಗಿದೆ.

ಅಮ್ಮನ ಸಹಿ ಬಿಚ್ಚಿದೊಡನೆ ನಗು ಹಾರಿಹೋಯಿತು. ಮೆಷಿನ್ ಎಣ್ಣೆ ಇಲ್ಲ! ಸೀಮೆಸುಣ್ಣವಿಲ್ಲ, ಇಸ್ತ್ರಿಯ ಬಿಸಿಯಿಲ್ಲ. ನಲವತ್ತು ವರ್ಷ ಹೊಲಿಗೆ ಯಂತ್ರ ತುಳಿದ ಹೆಂಗಸು ಆ ವಾರ ಒಂದು ಗುಂಡಿ ಕೂಡ ಹಾಕಿಲ್ಲ. ಕೆಮ್ಮಿನ ಔಷಧಿ ಇದೆ, ಅದರ ಕೆಳಗೆ ಇನ್ನೊಂದು ಕಹಿ ಔಷಧಿ, ಅದರ ಕೆಳಗೆ ರಬ್ಬರ್ ಹಾಳೆ. ರಬ್ಬರ್ ಹಾಳೆಯನ್ನು ಎಂಥವರ ಹಾಸಿಗೆಗೆ ಹಾಸುತ್ತಾರೆಂದು ನನಗೆ ಗೊತ್ತು. 'ಸ್ವಲ್ಪ ಕೆಮ್ಮು' ಅಂತೆ! ನನಗೆ ಸುಳ್ಳು ಹೇಳಬೇಕಾದರೆ ಬಟ್ಟೆ ಒಗೆದು ಕಳಿಸಪ್ಪಾ ಮಹಾರಾಯ.

ನಾನು ಬರುತ್ತೇನೆ. ನಿನ್ನ ಕಾರು ಬೇಡ, ರೈಲಿದೆ. ನಿನ್ನ ಉತ್ತರ ಬಂದ ಮರುದಿನ ಹೊರಡುತ್ತೇನೆ. ಅವಳು ಇರುವಾಗಲೇ ಒಂದು ಸಲ ಅವಳ ಕುತ್ತಿಗೆಗೆ ಮುಖ ಇಟ್ಟು ಕೂರಬೇಕು, ನನಗೆ ಬೇಕಾದದ್ದು ಅಷ್ಟೇ.

ನಮೂನೆ ಒಂದರಿಂದ ಐದು: ಆಗಲ್ಲ. ತಾಯಿಯ ವಾಸನೆ ಕೇಳಿದರೆ ಹಾಲಿನ ಪುಡಿ ಕಳಿಸಿದ್ದಾರೆ.

ಇರುವೆ


ಕಾರ್ಖಾನೆಯ ಕಚೇರಿ
ಫೆಬ್ರವರಿ 20

ಇರುವೆ,

ಹೊರಡಬೇಡ. ಮೊದಲು ಪೂರ್ತಿ ಓದು.

ಅಮ್ಮನಿಗೆ ಎದೆಯಲ್ಲಿ ಕಫ ಕಟ್ಟಿತ್ತು, ಹತ್ತು ದಿನ ಮಲಗಿದ್ದಳು, ನಿಜ. ನೀನು ಗಾಬರಿಯಾಗುತ್ತೀಯ ಎಂದು ಬರೆಯಲಿಲ್ಲ. ಈಗ ದಿಂಬಿಗೆ ಒರಗಿ ಕೂರುತ್ತಾಳೆ. ನೀನು ಬರುತ್ತೀಯ ಎಂದು ಹೇಳಿದ್ದಕ್ಕೆ ಅವಳೇ ನನ್ನನ್ನು ಗದರಿಸಿದಳು: "ಬೇಡ ಅಂತ ಬರಿ. ಹಿಡಿದ ಕೆಲಸ ಅರ್ಧಕ್ಕೆ ಬಿಟ್ಟು ಬಂದ್ರೆ ನಾನು ಅವಳ ಮುಖ ನೋಡಲ್ಲ ಅಂತ ಬರಿ." ಇದು ಅವಳ ಮಾತು, ನನ್ನದಲ್ಲ.

ಇನ್ನೊಂದನ್ನು ನೆನಪು ಮಾಡಿಕೊ. ಅಪ್ಪ ಹೋದಾಗ ನೀನು ಅತ್ತು ಅತ್ತು ನಿನ್ನ ಮೂಗು ನಾಲ್ಕು ತಿಂಗಳು ಕಟ್ಟಿತ್ತು. ನಿನಗೆ ಏನೂ ಗೊತ್ತಾಗುತ್ತಿರಲಿಲ್ಲ, ಆದರೂ ನನಗೆ ಹೇಳದೆ 'ಆಗುತ್ತೆ' ಎಂದು ಬರೆದೆ. ಕೊಬ್ಬು ಹಳಸಿದ ಸೋಪು ಊರೂರಿಗೆ ಹೋಯಿತು. ಅಂಗಡಿಯವರು ಪೆಟ್ಟಿಗೆಗಳನ್ನು ತಂದು ಗೇಟಿನ ಮುಂದೆ ಸುರಿದು ಹೋದರು. ನಾನು ನಿನಗೆ ಒಂದು ಮಾತು ಅಂದೆನೇ? ಈಗ ನೀನು ಇಲ್ಲಿಗೆ ಬಂದು ಅವಳು ಸೊರಗಿದ್ದನ್ನು ನೋಡಿದರೆ ಮತ್ತೆ ಅದೇ ಆಗುತ್ತದೆ. ಅಂಗಡಿಗಳವರಿಗೆ ಹೊಸ ಸೋಪಿನ ಮಾತು ಕೊಟ್ಟಾಗಿದೆ, ಗೋಡೆಗಳ ಮೇಲೆ ಚಿತ್ರ ಬರೆಸಿಯಾಗಿದೆ.

ಎರಡನೇ ಅಭ್ಯಾಸ ತಿದ್ದಿ ಕಳಿಸು: 'ಒಂದು ಹೊತ್ತಿಗೆ ಒಂದೇ ಕೆಲಸ. ಕೈಯಲ್ಲಿರುವುದು ಮುಗಿಯುವವರೆಗೆ ಬೇರೆ ಯಾವುದೂ ಇಲ್ಲ ಎಂದು ತಿಳಿಯುವವನೇ ಗೆಲ್ಲುತ್ತಾನೆ.'

ಸಹಿ ಇಟ್ಟಿದ್ದೇನೆ.

ಅಣ್ಣ


ಬೆಟ್ಟದ ಮನೆ
ಮಾರ್ಚ್ 2

ಅಣ್ಣಾ,

ಅಪ್ಪನ ಸಾವಿನ ಮಾತೆತ್ತಿ ನನ್ನ ಬಾಯಿ ಮುಚ್ಚಿಸುವುದು ನಿನ್ನ ಹಳೇ ಚಾಳಿ. ನೀನು ಹೇಳಿದ್ದರೆ ಕಿವಿ ಮೇಲೆ ಹಾಕಿಕೊಳ್ಳುತ್ತಿರಲಿಲ್ಲ. ಅಮ್ಮ ಹೇಳಿದಳು ಎಂದಿದ್ದಕ್ಕೆ ನಿಂತಿದ್ದೇನೆ. ಚಿಕ್ಕಂದಿನಲ್ಲಿ ಅರ್ಧ ಹೊಲಿದ ಚೀಲ ಬಿಟ್ಟು ಆಡಲು ಹೋದರೆ ಅವಳು ನಿಜವಾಗಿಯೂ ಇಡೀ ದಿನ ಮುಖ ತಿರುಗಿಸುತ್ತಿದ್ದಳು.

ಸಹಿ ಸ್ವಲ್ಪ ವಾಸಿ. ಬೆವರಿದೆ, ಜ್ವರದ ಬೆವರಲ್ಲ. ಕಿತ್ತಳೆ ತಿಂದಿದ್ದಾಳೆ. ಅಂಚು ಮಾತ್ರ ನೇರ, ಆ ಕತ್ತರಿ ಅವಳ ಕೈಯಲ್ಲಿ ಇದ್ದರೆ ಸಾಯುವಾಗಲೂ ನೇರವಾಗೇ ಹೋಗುತ್ತದೆ.

ಇನ್ನು ಮೇಲೆ ನಾನೇ ಬೆರೆಸುತ್ತೇನೆ, ನಿನ್ನವರ ಕೈಯಲ್ಲಿ ಆಗುವುದಿಲ್ಲ. ಬೆಳಗ್ಗೆಯಿಂದ ಸಂಜೆವರೆಗೆ ಕಿಟಕಿಯ ಹತ್ತಿರ ಸೀಸೆಗಳನ್ನು ಸಾಲಾಗಿ ಇಟ್ಟುಕೊಂಡು ಅಮ್ಮನನ್ನು ಮಾಡುತ್ತಿದ್ದೇನೆ. ಮೊದಲು ಒದ್ದೆ ಹತ್ತಿಬಟ್ಟೆಯ ಮೇಲೆ ಇಸ್ತ್ರಿ ಎಳೆದಾಗ ಏಳುವ ಆವಿ. ಆಮೇಲೆ ಸೀಮೆಸುಣ್ಣ. ಒಂದೇ ಒಂದು ಹನಿ ಮೆಷಿನ್ ಎಣ್ಣೆ, ಎರಡಾದರೆ ಗ್ಯಾರೇಜು. ಕಷ್ಟವೆಂದರೆ ಕುತ್ತಿಗೆ. ಕಿವಿಯ ಹಿಂದೆ, ಕೂದಲು ಶುರುವಾಗುವ ಕಡೆ, ಸ್ವಲ್ಪ ಉಪ್ಪು, ಸ್ವಲ್ಪ ಬಿಸಿಲಿಗೆ ಹಾಕಿದ ಹಾಸಿಗೆ. ಅದು ಸಿಕ್ಕಹಾಗಾಗುತ್ತದೆ, ಮತ್ತೆ ಓಡಿಹೋಗುತ್ತದೆ. ಸಹಿಯಲ್ಲೂ ಹಾಗೇ, ಮೇಣದ ಕಾಗದ ಬಿಚ್ಚಿದ ಮೂರನೇ ದಿನಕ್ಕೆ ಕುತ್ತಿಗೆ ಹಾರಿಹೋಗಿ ಬರೀ ಬಟ್ಟೆ ಉಳಿಯುತ್ತದೆ. ಸೋಪಿನಲ್ಲಿ ಅದನ್ನು ಹಿಡಿದು ನಿಲ್ಲಿಸುವುದಕ್ಕೆ ಒಂದು ಉಪಾಯ ಹುಡುಕುತ್ತಿದ್ದೇನೆ. ಆದ್ದರಿಂದ ವಾರಕ್ಕೊಂದು ಸಹಿ ತಪ್ಪದೆ ಕಳಿಸು.

ಏನೇ ಆಗಲಿ, ಏಪ್ರಿಲ್ 20ರ ರೈಲು ನನ್ನದು.

ಇರುವೆ


ಕಾರ್ಖಾನೆಯ ಕಚೇರಿ
ಮಾರ್ಚ್ 24

ಇರುವೆ,

ಬರೆಯುವುದು ತಡವಾಯಿತು. ದೊಡ್ಡ ಕಡಾಯಿ ಕೈಕೊಟ್ಟಿತು, ರಿಪೇರಿಯವರ ಹಿಂದೆ ಓಡಾಡಿ ಸಾಕಾಯಿತು.

ಅಮ್ಮ ಆರಾಮವಾಗಿದ್ದಾಳೆ. ಯಾವ ನೋವೂ ಇಲ್ಲ. ಸಹಿ ಇದೆ.

ಎರಡು ಅಭ್ಯಾಸ ಕಳಿಸುತ್ತಿದ್ದೇನೆ. ಒಂದು: 'ಸುದ್ದಿಗೂ ಒಂದು ಹೊತ್ತಿದೆ. ಕೆಲಸ ಕೆಡಿಸುವ ಸುದ್ದಿಯನ್ನು ಕೆಲಸ ಮುಗಿಯುವವರೆಗೆ ಜೇಬಿನಲ್ಲಿ ಇಟ್ಟುಕೊಳ್ಳಬಲ್ಲವನು ಮಾತ್ರ ಮುನ್ನೂರು ಜನರನ್ನು ನಡೆಸಬಲ್ಲ.' ಇನ್ನೊಂದು ಅಪ್ಪನಿಂದ ಕಲಿತದ್ದು: 'ಏನನ್ನೂ ಪೋಲು ಮಾಡಬೇಡ. ಬಿಲ್ಲೆ ಕತ್ತರಿಸಿದಾಗ ಉದುರುವ ಚೂರುಗಳನ್ನೂ ಗುಡಿಸಿ, ಒತ್ತಿ, ಮತ್ತೊಂದು ಬಿಲ್ಲೆ ಮಾಡು.'

ನಮೂನೆ ಎಲ್ಲಿಗೆ ಬಂತು? ಬೇಗ ಮುಗಿಸು.

ಅಣ್ಣ


ಬೆಟ್ಟದ ಮನೆ
ಏಪ್ರಿಲ್ 3

ಅಣ್ಣಾ,

ಈ ಚೂರು ಯಾವುದು? ಇದರಲ್ಲಿ ಈ ವಾರವೇ ಇಲ್ಲ. ಅಮ್ಮ ಇದ್ದಾಳೆ, ಆದರೆ ಹಳೇ ಅಮ್ಮ, ಪೆಟ್ಟಿಗೆಯಲ್ಲಿ ಮಡಚಿಟ್ಟ ಅಮ್ಮ, ಸುತ್ತ ನುಸಿಗುಳಿಗೆಯ ವಾಸನೆ. ಅಂಚಂತೂ ಇಲಿ ಕಡಿದ ಹಾಗಿದೆ. ಇದನ್ನು ಅವಳು ಕತ್ತರಿಸಿದ್ದಲ್ಲ, ನೀನು ಕತ್ತರಿಸಿದ್ದು. ಅವಳಿಗೆ ಕತ್ತರಿ ಹಿಡಿಯುವ ಶಕ್ತಿಯೂ ಇಲ್ಲವೇ? ಮೂರು ದಿನದಿಂದ ಊಟ ಸೇರುತ್ತಿಲ್ಲ. ಒಂದೇ ಸಾಲಿನಲ್ಲಿ ನಿಜ ಹೇಳು, ಕೈ ಮುಗಿಯುತ್ತೇನೆ.

ಹದಿನೇಳನೇ ನಮೂನೆ ಮುಗಿದಿದೆ. ಬೆರೆಸುವ ಕ್ರಮವನ್ನು ಬೇರೆ ಹಾಳೆಯಲ್ಲಿ ಬರೆದಿದ್ದೇನೆ, ಸತ್ವವನ್ನು ತಗಡಿನ ಡಬ್ಬಿಯಲ್ಲಿ ಕಳಿಸಿದ್ದೇನೆ. ಕುತ್ತಿಗೆ ಸಿಕ್ಕಿತು. ಅದು ಹಾರಿಹೋಗದ ಹಾಗೆ ಹಿಡಿದೂ ಇಟ್ಟಿದ್ದೇನೆ. ಆದರೆ 'ಆಗುತ್ತೆ' ಎಂಬ ಮಾತು ಮಾತ್ರ ಈಗ ಸಿಗುವುದಿಲ್ಲ. ನನ್ನ ಮಾತಿಲ್ಲದೆ ನೀನು ಕಡಾಯಿಯ ಕೆಳಗೆ ಬೆಂಕಿ ಹಾಕುವುದಿಲ್ಲ ಎಂದು ನನಗೆ ಗೊತ್ತು. 20ಕ್ಕೆ ರೈಲು ಹತ್ತುತ್ತೇನೆ. ಒಂದು ಕಡೆ ಅಮ್ಮನ ಕುತ್ತಿಗೆ, ಇನ್ನೊಂದು ಕಡೆ ಹದಿನೇಳು. ಎರಡನ್ನೂ ಮೂಸಿ ನೋಡಿ ಅವಳ ಮಂಚದ ಮೇಲೆ ಕೂತೇ ಹೇಳುತ್ತೇನೆ. ಪೆಟ್ಟಿಗೆ ಕಟ್ಟಿಯಾಗಿದೆ.

ಇರುವೆ


ಕಾರ್ಖಾನೆಯ ಕಚೇರಿ
ಏಪ್ರಿಲ್ 14, ತುರ್ತು ಅಂಚೆ

ಅಯ್ಯೋ ಹುಚ್ಚಿ,

ಒಂದು ಚೂರು ಬಟ್ಟೆ ಹಿಡಿದುಕೊಂಡು ಏನೆಲ್ಲ ಕಲ್ಪಿಸಿಕೊಂಡೆ! ಹೋದ ಸಲ ಅವಳು ನಿದ್ದೆ ಮಾಡುತ್ತಿದ್ದಳು, ಎಬ್ಬಿಸುವುದು ಬೇಡವೆಂದು ನಾನೇ ಪೆಟ್ಟಿಗೆಯಿಂದ ಒಂದನ್ನು ತೆಗೆದು ಕತ್ತರಿಸಿದೆ. ತಪ್ಪಾಯಿತು, ಒಪ್ಪಿಕೊಂಡೆ.

ಅಮ್ಮ ಎದ್ದಿದ್ದಾಳೆ! ಹೋದ ಸೋಮವಾರದಿಂದ ಮೆಷಿನ್ ಮುಂದೆ ಕೂತಿದ್ದಾಳೆ, ಬೇಡವೆಂದರೆ ಕೇಳಬೇಕಲ್ಲ. "ಕೂತು ಕೂತು ಕಾಲು ಜೋಮು ಹಿಡೀತು, ತುಳಿದ್ರೆ ಸರಿ ಹೋಗುತ್ತೆ" ಅನ್ನುತ್ತಾಳೆ. ನಿನ್ನ ಪತ್ರ ಓದಿ ಹೇಳಿದಾಗ ನಕ್ಕು, ಸ್ವತಃ ಕತ್ತರಿ ತೆಗೆದುಕೊಂಡು ಸಹಿ ಹಾಕಿದಳು. ನನ್ನ ಮಾತು ನಂಬಬೇಡ. ನಿನ್ನ ಮೂಗನ್ನೇ ಕೇಳು.

20ಕ್ಕೆ ಬರಬೇಡ. ರೈಲಿನ ತುಂಬ ಕಲ್ಲಿದ್ದಲ ಮಸಿ. ಮೇ ಮೊದಲ ವಾರ ಕಾರು ತರುತ್ತೇನೆ.

ಅಣ್ಣ


ಬೆಟ್ಟದ ಮನೆ
ಏಪ್ರಿಲ್ 18

ಅಣ್ಣಾ, ಅಣ್ಣಾ,

ಅಳುತ್ತಾ ನಗುತ್ತಾ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾದರೆ ಕ್ಷಮಿಸು. ಮೇಣದ ಕಾಗದ ಬಿಚ್ಚಿದೆ, ಅಮ್ಮ ಬಂದುಬಿಟ್ಟಳು! ಇಸ್ತ್ರಿಯ ಆವಿ, ಸೀಮೆಸುಣ್ಣ, ಮೆಷಿನ್ ಎಣ್ಣೆ. ಔಷಧಿ ಇಲ್ಲ, ರಬ್ಬರ್ ಹಾಳೆ ಇಲ್ಲ. ಕುತ್ತಿಗೆ! ಉಪ್ಪು, ಬಿಸಿಲಿನ ಹಾಸಿಗೆ, ಎಲ್ಲ ಇದೆ. ಅಂಚು ದಾರ ಹಿಡಿದು ಎಳೆದ ಹಾಗೆ ನೇರವಾಗಿದೆ. ನನ್ನಮ್ಮ ಎದ್ದು ಕೂತಿದ್ದಾಳೆ. ಆ ಚೂರನ್ನು ಮುಖಕ್ಕೆ ಒತ್ತಿಕೊಂಡು ಅಂಗಳದಲ್ಲಿ ಎರಡು ಸುತ್ತು ಓಡಿದೆ. ಕೆಳಗಿನ ಮನೆಯೊಡತಿ ಕಿಟಕಿಯಿಂದ ಬಗ್ಗಿ, "ಏನಾಯ್ತಮ್ಮ, ಜೇನು ಕಚ್ಚಿತಾ?" ಎಂದು ಕೇಳಿದಳು. "ನಮ್ಮಮ್ಮ ಹುಷಾರಾದ್ಲು!" ಎಂದೆ. ಅವಳು ಇದ್ದಕ್ಕಿದ್ದಂತೆ ಓಡಿಬಂದು ನನ್ನನ್ನು ತಬ್ಬಿಕೊಂಡಳು.

ನಿನ್ನನ್ನು ಸುಮ್ಮನೆ ಬೈದೆ. ಸುಳ್ಳುಬುರುಕ ಎಂದು ಮನಸ್ಸಿನಲ್ಲಿ ನೂರು ಸಲ ಶಾಪ ಹಾಕಿದ್ದೆ, ಎಲ್ಲ ವಾಪಸ್. ಪೆಟ್ಟಿಗೆ ಬಿಚ್ಚಿಟ್ಟಿದ್ದೇನೆ, ಮೇ ಮೊದಲ ವಾರದವರೆಗೆ ಕಾಯುತ್ತೇನೆ.

ಮಂಚದ ಮೇಲೆ ಕೂತು ಹೇಳುತ್ತೇನೆ ಎಂದಿದ್ದೆ. ಬೇಕಾಗಿಲ್ಲ. ಸಹಿಯನ್ನು ಒಂದು ಕೈಯಲ್ಲಿ, ಹದಿನೇಳರಲ್ಲಿ ಅದ್ದಿದ ಕಾಗದದ ಪಟ್ಟಿಯನ್ನು ಇನ್ನೊಂದು ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ, ಅದಲು ಬದಲು ಮಾಡಿ ನೋಡಿದೆ. ಯಾವುದು ಅಮ್ಮ ಯಾವುದು ಸೋಪು ಎಂದು ನನಗೇ ಹೇಳಲಾಗಲಿಲ್ಲ. ಇಂಥ ಕೆಲಸ ನನ್ನ ಕೈಯಿಂದ ಇನ್ನೊಂದು ಆಗುವುದಿಲ್ಲ.

ಆಗುತ್ತೆ. ಆಗುತ್ತೆ. ಆಗುತ್ತೆ.

ಇರುವೆ


ಬೆಟ್ಟದ ಮನೆ
ಏಪ್ರಿಲ್ 23

ಅಣ್ಣನಿಗೆ,

ಸಹಿ ಬಿಚ್ಚಿ ಇವತ್ತಿಗೆ ಐದು ದಿನ. ಸಹಿಯಲ್ಲಿ ಕುತ್ತಿಗೆ ಹಾಗೇ ಇದೆ.

ಅಮ್ಮನ ಕುತ್ತಿಗೆ ಹನ್ನೊಂದು ವರ್ಷದಲ್ಲಿ ಒಂದು ಸಲವೂ ಮೂರನೇ ದಿನ ದಾಟಿಲ್ಲ. ಅದನ್ನು ಹಿಡಿದು ನಿಲ್ಲಿಸಲಿಕ್ಕೆ ಹದಿನೇಳರಲ್ಲಿ ನಾನೊಂದು ಮರದ ಅಂಟು ಸೇರಿಸಿದ್ದೆ. ಅದಕ್ಕೆ ವಾಸನೆಯೇ ಇಲ್ಲವೆನ್ನಬೇಕು, ಇದೆಯೆಂದು ಗೊತ್ತಿದ್ದವರು ಹುಡುಕಿದರೆ ಮಾತ್ರ ಸಿಗುತ್ತದೆ. ಮೊದಲ ದಿನ ನಾನು ಹುಡುಕಲಿಲ್ಲ. ಅವಳು ಬದುಕಿರಲಿ ಎಂದು ಮೂಸಿದೆ, ಬದುಕಿದ್ದಳು. ಇವತ್ತು ಹುಡುಕಿದೆ. ಆ ಮರದ ಅಂಟು ಯಾವ ಮನುಷ್ಯರ ಮೈಯಲ್ಲೂ ಹುಟ್ಟುವುದಿಲ್ಲ.

ಯಾವತ್ತು ಹೋದಳು?


ಕಾರ್ಖಾನೆಯ ಕಚೇರಿ
ಮೇ 6

ಇರುವೆ,

ಮಾರ್ಚ್ 11, ಸಂಜೆ ನಾಲ್ಕು ಗಂಟೆ. ಎಲ್ಲವನ್ನೂ ಮರ್ಯಾದೆಯಿಂದ ಮಾಡಿ ಮುಗಿಸಿದ್ದೇನೆ, ಯಾವುದಕ್ಕೂ ಕೊರತೆ ಮಾಡಲಿಲ್ಲ.

ನೀನು ಬೈಯುವ ಮೊದಲು ನನ್ನ ಜಾಗದಲ್ಲಿ ನಿಂತು ನೋಡು. ಅಂದೇ ಹೇಳಿದ್ದರೆ ನಿನ್ನ ಮೂಗು ನಾಲ್ಕು ತಿಂಗಳು ಕಟ್ಟುತ್ತಿತ್ತು. ಸೋಪು ಇರುತ್ತಿರಲಿಲ್ಲ. ಅಮ್ಮ ಹೇಗೂ ಇರುತ್ತಿರಲಿಲ್ಲ. ಎರಡನ್ನೂ ಕಳೆದುಕೊಳ್ಳುವುದು ಯಾವ ಜಾಣತನ? ಜೇಬಿನಲ್ಲಿ ಆ ಸುದ್ದಿ ಇಟ್ಟುಕೊಂಡು ಎರಡು ತಿಂಗಳು ನಗುನಗುತ್ತಾ ಪತ್ರ ಬರೆಯುವುದು ಸುಲಭವೆಂದು ತಿಳಿದೆಯಾ?

ನೀನು ಮಂಚದ ಮೇಲೆ ಕೂತು ಹೇಳುತ್ತೇನೆ ಎಂದು ಹಟ ಹಿಡಿದಾಗ ದಾರಿ ಕಾಣಲಿಲ್ಲ. ಆಗ ಹೊಳೆಯಿತು. ಹದಿನೇಳನ್ನು ಚಿಕ್ಕ ಕಡಾಯಿಯಲ್ಲಿ ಹಾಕಿಸಿ, ಅಮ್ಮನ ಒಂದು ಅಂಗಿಯನ್ನು ಅದೇ ಸೋಪಿನಲ್ಲಿ ಮೂರು ಸಲ ಒಗೆಸಿದೆ. ಅವಳದೇ ಕತ್ತರಿ ಕೊಟ್ಟು, ಒಬ್ಬ ದರ್ಜಿಯನ್ನು ಕರೆಸಿ ನೇರವಾಗಿ ಚೂರು ಕತ್ತರಿಸಲು ಹೇಳಿದೆ. ಇದು ನನ್ನ ಐದನೇ ಅಭ್ಯಾಸ, ಇದನ್ನು ಮಾತ್ರ ಯಾರೂ ತಿದ್ದುವುದು ಬೇಡ: 'ನಿನ್ನ ಸರಕನ್ನು ಮೊದಲು ಅತ್ಯಂತ ಕಠಿಣ ಗಿರಾಕಿಯ ಮುಂದಿಡು. ಆತ ಮೋಸಹೋದರೆ ಲೋಕ ಒಪ್ಪುತ್ತದೆ.' ನಿನಗಿಂತ ಕಠಿಣ ಗಿರಾಕಿ ನನಗೆ ಎಲ್ಲಿ ಸಿಗಬೇಕು? ಏಪ್ರಿಲ್ 18ರ ನಿನ್ನ ಪತ್ರವನ್ನು ಕಾರ್ಖಾನೆಯ ಅಂಗಳದಲ್ಲಿ ಗಟ್ಟಿಯಾಗಿ ಓದಿಸಿದೆ, ಒಬ್ಬ ಗಿರಾಕಿ ಬರೆದದ್ದು ಎಂದೆ. ಅಂಗಳದಲ್ಲಿ ಓಡಿದ್ದು, ಮನೆಯೊಡತಿ ತಬ್ಬಿಕೊಂಡದ್ದು ಎಲ್ಲ. ಚಪ್ಪಾಳೆ ಹೊಡೆದರು. ಅದೇ ಬೆಳಗ್ಗೆ ದೊಡ್ಡ ಕಡಾಯಿಗಳಿಗೆ ಬೆಂಕಿ ಹಾಕಿಸಿದೆ.

ನಿನಗೆ ಎಲ್ಲ ತಿಳಿಯುವ ಹಕ್ಕಿದೆ, ಈಗ ಮುಚ್ಚಿಡಲು ಕಾರಣವೂ ಇಲ್ಲ. ಕೆಲಸ ಅರ್ಧಕ್ಕೆ ಬಿಟ್ಟು ಬರಬೇಡ ಎಂಬ ಮಾತು ಅಮ್ಮನದಲ್ಲ, ನನ್ನದು. ಆದರೆ ಅವಳು ಹೇಳುವಂಥ ಮಾತೇ. ಕೊನೆಯ ಮೂರು ದಿನ ಬಾಗಿಲ ಕಡೆ ತಲೆ ತಿರುಗಿಸಿಕೊಂಡೇ ಮಲಗಿದ್ದಳು. "ಇರುವೆ ಬಂದ್ಲಾ?" ಎಂದು ಕೇಳುವಳು. "ರೈಲಲ್ಲಿದಾಳಮ್ಮ, ಬರ್ತಿದಾಳೆ" ಎನ್ನುತ್ತಿದ್ದೆ. ನೆಮ್ಮದಿಯಿಂದ ಹೋದಳು.

ಕಾರು ಕಳಿಸಲೇ? ಈಗ ಬೇಕಾದರೆ ಬರಬಹುದು.

ಅಣ್ಣ


ಬೆಟ್ಟದ ಮನೆ
ಜೂನ್ 20

ಅಣ್ಣನಿಗೆ,

ಕಾರು ಬೇಡ. ಬಂದು ನೋಡಲು ಅಲ್ಲಿ ಯಾರಿದ್ದಾರೆ?

ಒಂದು ಸುದ್ದಿ ಹೇಳುತ್ತೇನೆ, ಇದಕ್ಕೂ ಹೊತ್ತು ಬಂದಿದೆ. ನನ್ನ ಮೂಗು ಕಟ್ಟಲಿಲ್ಲ. ನಿನ್ನ ಪತ್ರ ಬಂದ ಮೇಲೆ ಹದಿನೈದು ದಿನ ಅತ್ತೆ, ನೆಲಕ್ಕೆ ತಲೆ ಬಡಿದುಕೊಂಡು ಅತ್ತೆ, ಒಂದು ಕ್ಷಣ ಕೂಡ ಕಟ್ಟಲಿಲ್ಲ. ಕಟ್ಟಲಿ ಎಂದು ಕಾದೆ. ಮಾರ್ಚ್‌ನಲ್ಲಿ ಹೇಳಿದ್ದರೂ ನಿನಗೆ ನಿನ್ನ ಸೋಪು ಸಿಗುತ್ತಿತ್ತು. ಫೆಬ್ರವರಿಯಲ್ಲಿ ಬರಲು ಬಿಟ್ಟಿದ್ದರೂ ಸಿಗುತ್ತಿತ್ತು. ನೀನು ಅವಳನ್ನು ಬಾಗಿಲ ಕಡೆ ನೋಡುತ್ತಾ ಸಾಯಲು ಬಿಟ್ಟದ್ದು ಪುಕ್ಕಟೆ.

ನಿನ್ನ ಸೋಪು ಬೆಟ್ಟ ಹತ್ತಿ ಬಂದು ಮೂರು ವಾರವಾಯಿತು. ಮೊದಲ ದಿನ ಅಂಚೆಯವನು ಬಾಗಿಲಲ್ಲಿ ನಿಂತು ಕೈ ಚಾಚಿದ, ಅಮ್ಮ. ಮನೆಯೊಡತಿ ನನಗೆ ಸಮಾಧಾನ ಹೇಳಲು ಬಂದು ಪಕ್ಕದಲ್ಲಿ ಕೂತಳು, ಅಮ್ಮ. ಶಾಲೆ ಬಿಟ್ಟ ಮಕ್ಕಳು ಸಾಲಾಗಿ ಬೇಲಿ ಪಕ್ಕ ಹೋಗುತ್ತಾರೆ, ನಲವತ್ತು ಅಮ್ಮಂದಿರು. ಕಿಟಕಿ ಹಾಕಿದರೂ ಸಂದಿಯಲ್ಲಿ ಬರುತ್ತಾಳೆ. ಮೂರು ದಿನಕ್ಕೆ ಹೋಗುವುದೂ ಇಲ್ಲ, ಹೋಗದ ಹಾಗೆ ನಾನೇ ಮಾಡಿದ್ದೇನಲ್ಲ. ಎಲ್ಲ ಅಮ್ಮಂದಿರಲ್ಲೂ ಆ ಅಂಟು ನನಗೆ ಸಿಗುತ್ತದೆ.

ನಿನಗೆ ಮಾತ್ರ ಈ ತಾಪತ್ರಯವಿಲ್ಲ. ಜನರೆದುರು ಬಿಲ್ಲೆಯನ್ನು ಮೂಗಿಗೆ ಹಿಡಿದು ಐದರವರೆಗೆ ಎಣಿಸು. ನೀನೊಬ್ಬನನ್ನು ಬಿಟ್ಟು ಈಗ ಲೋಕಕ್ಕೆಲ್ಲ ಅಮ್ಮ ಇದ್ದಾಳೆ. ಅಷ್ಟು ಸಾಕು ನನಗೆ.

ಇರುವೆ


ಕಾರ್ಖಾನೆಯ ಕಚೇರಿ
ಜುಲೈ 15

ಇರುವೆ,

ಪತ್ರ ತಲುಪಿತು. ಕೋಪ ಇಳಿಯುತ್ತದೆ, ನಾನು ಕಾಯುತ್ತೇನೆ. ತಾಳ್ಮೆಯೂ ನನ್ನ ಅಭ್ಯಾಸಗಳಲ್ಲೊಂದು.

'ಲೋಕಕ್ಕೆಲ್ಲ ಅಮ್ಮ' ಎಂಬ ಮಾತು ಚೆನ್ನಾಗಿತ್ತು. ಅದರ ಮೊದಲಿನ ಮಾತನ್ನು ಬಿಟ್ಟು ಅಷ್ಟನ್ನು ಪುಸ್ತಕದ ಕೊನೆಯ ಸಾಲಿಗೆ ತೆಗೆದುಕೊಂಡೆ. ಅಚ್ಚಿಗೆ ಹೋಗಿದೆ. ಸೋಪಿಗಂತೂ ಗೇಟಿನ ಮುಂದೆ ಗಾಡಿಗಳು ಸಾಲು ನಿಂತಿವೆ.

ಒಂದು ಸಣ್ಣ ಕೆಲಸ. ಡಬ್ಬಿಯ ಹಿಂಭಾಗದಲ್ಲಿ ನಾಲ್ಕು ಸಾಲಿಗೆ ಜಾಗವಿದೆ. ಈ ವಾಸನೆ ಹೇಗಿರುತ್ತದೆ ಎಂದು ಮಾತಿನಲ್ಲಿ ಬರೆದು ಕಳಿಸು. ನೀನು ಮೊದಲು ಆವಿ, ಸೀಮೆಸುಣ್ಣ ಎಂದೆಲ್ಲ ಬರೆದಿದ್ದೆ, ಅದು ಸಾಮಾನು ಪಟ್ಟಿಯ ಹಾಗಿದೆ. ಎಲ್ಲ ಸೇರಿದಾಗ ಹೇಗಿರುತ್ತದೆ ಎಂದು ಬೇಕು.

ಅಣ್ಣ


ಮನೆ
ಆಗಸ್ಟ್ 9

ಇರುವೆ,

ಉತ್ತರ ಬರಲಿಲ್ಲ. ಆ ನಾಲ್ಕು ಸಾಲು ಕೇಳಿದ್ದು ಡಬ್ಬಿಗಲ್ಲ.

ಹೋದ ವಾರ ಪ್ಯಾಕಿಂಗ್ ಕೋಣೆಗೆ ಹೋಗಿದ್ದೆ. ಒಬ್ಬ ಹೆಂಗಸು ಕೆಲಸ ಬಿಟ್ಟು ಬಿಲ್ಲೆಯನ್ನು ಕೆನ್ನೆಗೆ ಒತ್ತಿಕೊಂಡು ಕೂತಿದ್ದಳು. "ಏನಮ್ಮ ಇದು?" ಎಂದು ಗದರಿಸಿದೆ. "ಏನಿಲ್ಲ ಸಾರ್, ನಮ್ಮಮ್ಮನ ಥರಾನೇ ಇದೆ ಸಾರ್" ಎಂದಳು. ಅವಳಮ್ಮ ಯಾರೋ, ನಮ್ಮಮ್ಮ ಯಾರೋ! ಅವಳನ್ನು ಅಲ್ಲಿಂದ ಎಬ್ಬಿಸಿ ಕಳಿಸಿದೆ. ಯಾಕೆ ಕಳಿಸಿದೆನೆಂದು ನನಗೆ ಗೊತ್ತಿದೆ. ಹೊಟ್ಟೆ ಉರಿಯಿತು.

ಮಧ್ಯಾಹ್ನ ಮನೆಗೆ ಬಂದು ಅಮ್ಮನ ಕೋಣೆಯ ಬಾಗಿಲು ಹಾಕಿಕೊಂಡೆ. ಮೆಷಿನ್ ಮುಂದೆ ಕೂತು ಬಿಲ್ಲೆಯನ್ನು ಮೂಗಿಗೆ ಹಿಡಿದು ಐದರವರೆಗೆ ಎಣಿಸಿದೆ. ಐವತ್ತರವರೆಗೆ ಎಣಿಸಿದೆ. ಅವಳ ಅಂಗಿಗಳನ್ನು ಹೊರಗೆಳೆದು ಮುಖ ಹುದುಗಿಸಿದೆ. ಬಟ್ಟೆ ತಣ್ಣಗಿತ್ತು, ಅಷ್ಟೇ ಗೊತ್ತಾದದ್ದು. ಒಂಬತ್ತು ವರ್ಷದವರೆಗೆ ನನಗೂ ಮೂಗಿತ್ತು ಕಣೇ. ನಾನೂ ಅವಳ ಮಡಿಲಲ್ಲಿ ಮಲಗಿದ್ದೆ. ಅದು ಹೇಗಿತ್ತೆಂದು ನೆನಪಿಗೆ ಬರುತ್ತಿಲ್ಲ. ದಿನಾ ಹೋಗಿ ಕೂರುತ್ತೇನೆ, ಬರುತ್ತಿಲ್ಲ.

ತಪ್ಪು ಮಾಡಿದೆ. ಬಾಯಿಬಿಟ್ಟು ಹೇಳುತ್ತಿದ್ದೇನೆ, ತಪ್ಪು ಮಾಡಿದೆ. ನಿನ್ನ ಹತ್ತಿರ ಅವಳ ನಿಜವಾದ ಸಹಿ ಒಂದಾದರೂ ಉಳಿದಿದ್ದರೆ ಕಳಿಸು, ಕೈಯಲ್ಲಿ ಹಿಡಿದುಕೊಂಡಾದರೂ ಕೂರುತ್ತೇನೆ. ಜೊತೆಗೆ ನಾಲ್ಕು ಸಾಲು ಬರೆ. ಅಮ್ಮನ ವಾಸನೆ ಹೇಗಿತ್ತು? ನಿನ್ನ ಹಾಗೆ ಹೇಳಲು ಇನ್ನು ಯಾರೂ ಇಲ್ಲ.

ಅಣ್ಣ


ಬೆಟ್ಟದ ಮನೆ
ಆಗಸ್ಟ್ 18

ಅಣ್ಣನಿಗೆ,

ಕೇಳಿದ್ದೀಯಲ್ಲ, ಮೇಣದ ಕಾಗದದಲ್ಲಿ ಒಂದು ಚೂರು ಇಟ್ಟಿದ್ದೇನೆ. ಅದು ಅಮ್ಮನ ಕೊನೆಯ ನಿಜವಾದ ಸಹಿಯೋ, ಮನೆಯೊಡತಿ ಪಾತ್ರೆ ಒರೆಸುವ ಬಟ್ಟೆಯೋ, ನೀನೇ ಮೂಸಿ ನೋಡಿಕೊ.

ನಾಲ್ಕು ಸಾಲು ಬರೆಯುವುದು: ಆಗಲ್ಲ.

ಇರುವೆ